ಮೀನಿನ ರೆಟಿನಾ ಮರುಹುಟ್ಟುವ ಪಾಠ: ಮಾಡುವವರಿಗೊಂದು ಕೈಪಿಡಿ

ಕಲಬುರಗಿಯ ಕಾಲೇಜುಗಳಿಗೆ ಪ್ರಾಣಿಶಾಸ್ತ್ರ ಕಲಿಸಲು ಹೊಸದಾಗಿ ಬಂದ ಅತಿಥಿ ಉಪನ್ಯಾಸಕರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮೀನಿನ ರೆಟಿನಾ, ಅಂದರೆ ಕಣ್ಣಿನ ಒಳಗೆ ಬೆಳಕು ಗ್ರಹಿಸುವ ತೆಳುಪದರ, ಗಾಯಗೊಂಡರೂ ಮತ್ತೆ ಬೆಳೆಯುತ್ತದೆ ಎಂಬ ಪಾಠವನ್ನು ವಂಶವಾಹಿಗಳ ಹೆಸರಿನಿಂದ ಶುರು ಮಾಡಿದರೆ ಹಿಂದಿನ ಬೆಂಚಿನವರು ಐದೇ ನಿಮಿಷದಲ್ಲಿ ತೂಕಡಿಸುತ್ತಾರೆ. ರೆಟಿನಾವನ್ನೇ ಕಣ್ಣಾರೆ ಕಾಣದವರಿಗೆ ಅದು ಮರುಹುಟ್ಟಿದರೇನು, ಬಿಟ್ಟರೇನು? ಆದ್ದರಿಂದ ಮೊದಲು ಒಂದು ಮೀನಿನ ತಲೆ ತನ್ನಿ.

ಕಾಟ್ಲಾ ಅಥವಾ ರೋಹು ಆದರೆ ಒಳ್ಳೆಯದು. ಭೀಮಾ ನದಿಯದಾಗಲಿ, ಆಂಧ್ರದಿಂದ ಐಸ್ ಪೆಟ್ಟಿಗೆಯಲ್ಲಿ ಬಂದದ್ದಾಗಲಿ, ಕಣ್ಣು ಉಬ್ಬಿರಬೇಕು, ಮೇಲ್ಪದರ ತಿಳಿಯಾಗಿರಬೇಕು. ಒಳಗೆ ಕುಸಿದ, ಮಬ್ಬಾದ ಕಣ್ಣು ಬೇಡ. ಏಪ್ರಿಲ್, ಮೇ ತಿಂಗಳಲ್ಲಿ ಈ ಪಾಠ ಇಟ್ಟುಕೊಳ್ಳಲೇಬೇಡಿ. ನಮ್ಮ ಬಿಸಿಲಿಗೆ ಮಧ್ಯಾಹ್ನದ ಹೊತ್ತಿಗೆ ರೆಟಿನಾ ಲೋಳೆಯಾಗಿರುತ್ತದೆ. ಇನ್ನೊಂದು ಮಾತು: ಮಾಂಸ ಮುಟ್ಟದ ಮನೆಗಳ ಮಕ್ಕಳು ನಮ್ಮ ತರಗತಿಗಳಲ್ಲಿ ಬಹಳ ಮಂದಿ. ಒತ್ತಾಯ ಮಾಡಬೇಡಿ, ಅವರಿಗೆ ಚಿತ್ರ ಬರೆಯುವ ಕೆಲಸ ಕೊಡಿ. ಸಾಮಾನ್ಯವಾಗಿ ಅವರ ಚಿತ್ರಗಳೇ ಚೆನ್ನಾಗಿರುತ್ತವೆ.

ಒಂದು ಲೀಟರ್ ನೀರಿಗೆ ಒಂಬತ್ತು ಗ್ರಾಂ ಉಪ್ಪು ಕರಗಿಸಿ, ಬಿಳಿ ಪಿಂಗಾಣಿ ಬಟ್ಟಲಿಗೆ ಹಾಕಿ. ಕಣ್ಣನ್ನು ಗುಳಿಯಿಂದ ಬಿಡಿಸಿ ಬಟ್ಟಲಲ್ಲಿಡಿ. ಪಾರದರ್ಶಕ ಭಾಗ ಮುಗಿದು ಗಟ್ಟಿ ಬಿಳಿಭಾಗ ಶುರುವಾಗುವ ಅಂಚಿನಲ್ಲಿ ಸೂಜಿಯಿಂದ ಚುಚ್ಚಿ, ಅಲ್ಲಿಂದ ಸಣ್ಣ ಕತ್ತರಿಯಲ್ಲಿ ಸುತ್ತಲೂ ಕತ್ತರಿಸಿ. ಮುಚ್ಚಳ ತೆಗೆದ ಕೂಡಲೇ ಗೋಲಿಯಷ್ಟು ದುಂಡನೆಯ ಮಸೂರ ಹೊರಬರುತ್ತದೆ. ಅದನ್ನು ಪತ್ರಿಕೆಯ ಅಕ್ಷರಗಳ ಮೇಲಿಟ್ಟು ತೋರಿಸಿ, ಎಲ್ಲರೂ ಮುಗಿಬೀಳುತ್ತಾರೆ. ಆದರೆ ಅಲ್ಲೇ ನಿಲ್ಲಬೇಡಿ. ಕಣ್ಣೊಳಗೆ ತುಂಬಿರುವ ಲೋಳೆಯನ್ನು ಮೆಲ್ಲಗೆ ಎಳೆದು ತೆಗೆದರೆ ತಳದಲ್ಲಿ ಬೂದು ಬಿಳುಪಿನ ತೆಳುಪದರವೊಂದು ಉಪ್ಪುನೀರಿನಲ್ಲಿ ಅಲೆಯಾಡುತ್ತದೆ. ಅದೇ ರೆಟಿನಾ. ಚಿಮಟದಿಂದ ಎತ್ತಿದರೆ ಒಂದೇ ಕಡೆ ಅಂಟಿಕೊಂಡಿರುತ್ತದೆ, ಅಲ್ಲಿಂದಲೇ ದೃಷ್ಟಿನರ ಮೆದುಳಿಗೆ ಹೊರಡುವುದು. ಪದರದ ಹಿಂಭಾಗದಲ್ಲಿ ಕಪ್ಪು ಮೆತ್ತಿದ್ದರೆ ಗಾಬರಿಯಾಗಬೇಡಿ. ಬೆಳಕಿನಲ್ಲಿರುವ ಮೀನಿನ ಕಣ್ಣಿನಲ್ಲಿ ಕಪ್ಪು ವರ್ಣಕಣಗಳು ಬೆಳಕು ಗ್ರಹಿಸುವ ಕೋಶಗಳ ನಡುವೆ ಇಳಿದಿರುತ್ತವೆ, ಕತ್ತಲಲ್ಲಿ ಹಿಂದೆ ಸರಿಯುತ್ತವೆ.

ಈಗ ಕಪ್ಪುಹಲಗೆಗೆ ಬನ್ನಿ. ಮೂರು ಸಾಲು ಕೋಶಗಳನ್ನು ಬರೆಯಿರಿ: ಹೊರಗೆ ಬೆಳಕು ಗ್ರಹಿಸುವ ದಂಡ ಮತ್ತು ಶಂಕು ಕೋಶಗಳು, ನಡುವೆ ಸಂಕೇತ ದಾಟಿಸುವ ಕೋಶಗಳು, ಒಳಗೆ ದೃಷ್ಟಿನರದ ಎಳೆ ಹೊರಡಿಸುವ ಗ್ಯಾಂಗ್ಲಿಯನ್ ಕೋಶಗಳು. ಆಮೇಲೆ ಬಣ್ಣದ ಸೀಮೆಸುಣ್ಣ ಹಿಡಿದು, ಈ ಮೂರೂ ಸಾಲುಗಳನ್ನು ಉದ್ದಕ್ಕೆ ಸೀಳಿಕೊಂಡು ನಿಂತ ಒಂದು ಕೋಶ ಬರೆಯಿರಿ. ಅದು ಮುಲ್ಲರ್ ಕೋಶ, ಜರ್ಮನಿಯ ಹೈನ್ರಿಖ್ ಮುಲ್ಲರ್ 1851ರಲ್ಲಿ ವಿವರಿಸಿದ್ದು. ಅದು ನೋಡುವ ಕೋಶವಲ್ಲ, ಉಳಿದವುಗಳನ್ನು ಪೋಷಿಸುವ ಕೋಶ. ನಮ್ಮ ಕಣ್ಣಿನಲ್ಲೂ ಅದಿದೆ. ಈ ಕೊನೆಯ ವಾಕ್ಯವನ್ನು ಎರಡು ಸಲ ಹೇಳಿ, ಇಡೀ ಪಾಠ ಅದರ ಮೇಲೆ ನಿಂತಿದೆ.

ಮುಂದಿನದನ್ನು ದಿನಗಳ ಲೆಕ್ಕದಲ್ಲಿ ಹೇಳಿದರೆ ಮನಸ್ಸಿನಲ್ಲಿ ಉಳಿಯುತ್ತದೆ. ಪ್ರಯೋಗಾಲಯದ ಮೀನು ಜೀಬ್ರಾಫಿಶ್, ದಕ್ಷಿಣ ಏಷ್ಯಾದ ನೀರಿನದೇ. ಅದಕ್ಕೆ ಅತಿ ಪ್ರಖರ ಬೆಳಕು ಬಿದ್ದು ದಂಡ, ಶಂಕು ಕೋಶಗಳು ಸತ್ತವು ಎನ್ನಿ. ಸಾಯುವ ಕೋಶಗಳು ಹೊರಬಿಡುವ ಸಂಕೇತಗಳಿಗೆ ಮುಲ್ಲರ್ ಕೋಶ ಎಚ್ಚೆತ್ತುಕೊಳ್ಳುತ್ತದೆ. ಅದರಲ್ಲಿ ಎಎಸ್‌ಸಿಎಲ್1ಎ ಎಂಬ ವಂಶವಾಹಿ ಚುರುಕಾಗುತ್ತದೆ, ಕೋಶ ತನ್ನ ಪ್ರೌಢ ಗುಣಗಳನ್ನು ಕಳಚಿಕೊಳ್ಳುತ್ತದೆ. ನಡುಸಾಲಿನಲ್ಲಿರುವ ಅದರ ಕೋಶಕೇಂದ್ರ ಹೊರಸಾಲಿನತ್ತ ಸರಿದು, ಸುಮಾರು ಎರಡನೆಯ ದಿನಕ್ಕೆ ವಿಭಜನೆ ಆಗುತ್ತದೆ. ಹುಟ್ಟಿದ ಮರಿಕೋಶ ಮೂರು, ನಾಲ್ಕನೆಯ ದಿನದ ಹೊತ್ತಿಗೆ ತಾನೇ ಪದೇ ಪದೇ ಒಡೆದು ಗುಂಪಾಗುತ್ತದೆ. ಆ ಗುಂಪು ಗಾಯದ ಜಾಗಕ್ಕೆ ಸರಿದು, ಹೋದ ಕೋಶಗಳ ರೂಪ ತಾಳುತ್ತದೆ. ಮೂರು, ನಾಲ್ಕು ವಾರಗಳಲ್ಲಿ ರೆಟಿನಾ ಬಹುಮಟ್ಟಿಗೆ ಮೊದಲಿನಂತಾಗುತ್ತದೆ.

ಇಲ್ಲೊಂದು ಕಡೆ ಮಕ್ಕಳು ಎಡವುತ್ತಾರೆ. ಮುಲ್ಲರ್ ಕೋಶವೇ ದಂಡಕೋಶವಾಗಿ ಬದಲಾಯಿತು ಎಂದು ಉತ್ತರಪತ್ರಿಕೆಯಲ್ಲಿ ಬರೆಯುತ್ತಾರೆ. ಚಿತ್ತಾಪುರದ ಕಡೆಯ ರೈತರ ಮಗನೊಬ್ಬ ಮುಲ್ಲರ್ ಕೋಶವನ್ನು ಬಿತ್ತನೆಗೆಂದು ಎತ್ತಿಟ್ಟ ತೊಗರಿಗೆ ಹೋಲಿಸಿದ. ಕೇಳಲು ಚೆನ್ನಾಗಿದೆ, ಆದರೆ ಬಿತ್ತಿದ ತೊಗರಿ ಉಳಿಯುವುದಿಲ್ಲ, ಮುಲ್ಲರ್ ಕೋಶ ಉಳಿಯುತ್ತದೆ. ವಿಭಜನೆ ಸಮನಾದುದಲ್ಲ: ಒಂದು ಪಾಲು ಮತ್ತೆ ಮುಲ್ಲರ್ ಕೋಶವಾಗಿಯೇ ನಿಲ್ಲುತ್ತದೆ, ಇನ್ನೊಂದು ಹೊಸ ಕೋಶಗಳ ಮೂಲವಾಗುತ್ತದೆ. ಆದ್ದರಿಂದಲೇ ಮುಂದೆ ಮತ್ತೆ ಗಾಯವಾದರೂ ರಿಪೇರಿ ಮಾಡುವವರು ಇರುತ್ತಾರೆ.

ಈ ಮರುಹುಟ್ಟು ಮನುಷ್ಯರಲ್ಲಿ ಏಕಿಲ್ಲ ಎಂಬ ಪ್ರಶ್ನೆ ಬಂದೇ ಬರುತ್ತದೆ. ನಮ್ಮ ಮುಲ್ಲರ್ ಕೋಶವೂ ಗಾಯಕ್ಕೆ ಸ್ಪಂದಿಸುತ್ತದೆ, ಆದರೆ ಹೊಸ ನರಕೋಶ ಹುಟ್ಟಿಸದೆ ಕಲೆಗಟ್ಟುವ ದಾರಿ ಹಿಡಿಯುತ್ತದೆ. 2017ರಲ್ಲಿ ಅಮೆರಿಕದ ಸಿಯಾಟಲ್‌ನ ತಂಡ ವಯಸ್ಕ ಇಲಿಗಳ ಮುಲ್ಲರ್ ಕೋಶಗಳಲ್ಲಿ ಮೀನಿನ ಆ ವಂಶವಾಹಿಯ ಸಸ್ತನಿ ರೂಪವನ್ನು ಚಾಲೂ ಮಾಡಿ, ಜೊತೆಗೊಂದು ಔಷಧಿ ಕೊಟ್ಟು, ಬೆಳಕಿಗೆ ಸ್ಪಂದಿಸುವ ಕೆಲವು ನರಕೋಶಗಳನ್ನು ಪಡೆಯಿತು. ನಮ್ಮ ದೇಶದಲ್ಲೂ ಮೊಹಾಲಿಯ ಐಸರ್ ಎಂಬ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಯಲ್ಲಿ ರಾಜೇಶ್ ರಾಮಚಂದ್ರನ್ ಅವರ ಪ್ರಯೋಗಾಲಯ ಜೀಬ್ರಾಫಿಶ್ ರೆಟಿನಾದ ಮೇಲೆ ಕೆಲಸ ಮಾಡಿದೆ. ಇದನ್ನು ಹೇಳಲೇಬೇಕು. ಇಲ್ಲದಿದ್ದರೆ ವಿಜ್ಞಾನವೆಲ್ಲ ಸಮುದ್ರದಾಚೆಯೇ ನಡೆಯುತ್ತದೆಂದು ಮಕ್ಕಳು ತಿಳಿದುಬಿಡುತ್ತಾರೆ.

ಉತ್ಸಾಹಕ್ಕೆ ಬಿದ್ದು ಯಾರಾದರೂ ಮನೆಯ ಅಕ್ವೇರಿಯಂ ಮೀನಿನ ಕಣ್ಣಿಗೆ ಟಾರ್ಚ್ ಹಿಡಿದು ಪರೀಕ್ಷಿಸುತ್ತೇನೆಂದರೆ ಅಲ್ಲೇ ತಡೆಯಿರಿ. ಜೀವಂತ ಮೀನಿಗೆ ಗಾಯ ಮಾಡುವ ಪ್ರಯೋಗಕ್ಕೆ ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ, ಅರಿವಳಿಕೆ, ತರಬೇತಿ ಎಲ್ಲ ಬೇಕು. ನಮ್ಮ ಪಾಠಕ್ಕೆ ಮಾರುಕಟ್ಟೆಯ ತಲೆ ಸಾಕು.

ತರಗತಿ ಮುಗಿದ ಮೇಲೆ ಒಬ್ಬಿಬ್ಬರು ಮೇಜಿನ ಬಳಿ ನಿಲ್ಲುತ್ತಾರೆ: ತಂದೆಗೆ ಸಕ್ಕರೆ ಕಾಯಿಲೆ, ಕಣ್ಣು ಮಂಜಾಗಿದೆ, ಮೀನಿನ ಕಣ್ಣು ತಿಂದರೆ ಆಗುತ್ತದೆಯೇ? ಆಗುವುದಿಲ್ಲವೆಂದು ನೇರವಾಗಿ ಹೇಳಿ. ತಿಂದದ್ದು ಜೀರ್ಣವಾಗುತ್ತದೆ, ಕೋಶವಾಗಿ ಕಣ್ಣಿಗೆ ಹೋಗಿ ಕೂರುವುದಿಲ್ಲ. ತಡಮಾಡದೆ ಕಣ್ಣಿನ ವೈದ್ಯರ ಬಳಿ ಕರೆದೊಯ್ದು ಪಾಪೆ ಹಿಗ್ಗಿಸಿ ರೆಟಿನಾ ಪರೀಕ್ಷೆ ಮಾಡಿಸಲು ಹೇಳಿ. ಈಗ ಕಣ್ಣು ಚೆನ್ನಾಗಿಯೇ ಕಾಣುತ್ತಿರುವ ಸಕ್ಕರೆ ಕಾಯಿಲೆಯವರು ಮನೆಯಲ್ಲಿದ್ದರೆ ಅವರಿಗೂ ವರ್ಷಕ್ಕೊಮ್ಮೆ ಅದೇ ಪರೀಕ್ಷೆ ಬೇಕು ಎಂಬುದನ್ನು ಸೇರಿಸಿ.