ಸೈಟ್ ಪ್ರಯೋಗದ ಜಾಡು ಹಿಡಿದು: ಟಿ.ವಿ. ಅಧ್ಯಯನಕ್ಕೆ ನಾನು ಕ್ಯಾಟಲಾಗ್ ಮತ್ತು ಡೇಟಾಬೇಸ್‌ಗಳನ್ನು ಬಳಸಿದ ಬಗೆ

1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಅಮೆರಿಕದ ನಾಸಾ ಸಂಸ್ಥೆಯ ಎಟಿಎಸ್-6 ಉಪಗ್ರಹದ ಮೂಲಕ, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ಕಾರ್ಯಕ್ರಮಗಳನ್ನು ನೇರವಾಗಿ ತಲುಪಿಸುವ ಯೋಜನೆ ನಡೆಯಿತು. ಸೈಟ್ (ಸ್ಯಾಟಲೈಟ್ ಇನ್‌ಸ್ಟ್ರಕ್ಷನಲ್ ಟೆಲಿವಿಷನ್ ಎಕ್ಸ್‌ಪೆರಿಮೆಂಟ್, ಅಂದರೆ ಉಪಗ್ರಹದ ಮೂಲಕ ಟಿ.ವಿ. ಬೋಧನೆಯ ಪ್ರಯೋಗ) ಎಂದು ಹೆಸರಾದ ಈ ಪ್ರಯೋಗಕ್ಕೆ ಕರ್ನಾಟಕದಿಂದ ಆಯ್ಕೆಯಾದದ್ದು ಗುಲ್ಬರ್ಗಾ, ರಾಯಚೂರು ಮತ್ತು ವಿಜಾಪುರ ಜಿಲ್ಲೆಗಳು. ಅದು ಮುಗಿದ ಮೇಲೆ 1977ರಲ್ಲಿ ಗುಲ್ಬರ್ಗಾದಲ್ಲಿಯೇ ದೂರದರ್ಶನದ ಪ್ರಸಾರ ಕೇಂದ್ರ ಆರಂಭವಾಯಿತು. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು 1981ರಲ್ಲಿ. ರಾಜ್ಯದ ಟಿ.ವಿ. ಇತಿಹಾಸದ ಮೊದಲ ಪುಟಗಳು ನಮ್ಮ ತೊಗರಿ ಹೊಲಗಳ ಸೀಮೆಯಲ್ಲಿ ಬರೆಯಲ್ಪಟ್ಟವು ಎಂಬುದು ನನಗೆ ಬಹಳ ಮುಖ್ಯವಾದ ಸಂಗತಿ. ಕಲಬುರಗಿಯ ಕಾಲೇಜೊಂದರಲ್ಲಿ ಪತ್ರಿಕೋದ್ಯಮ ಕಲಿಸುವ ನಾನು ಈ ವಿಷಯವನ್ನು ಅಧ್ಯಯನಕ್ಕೆ ಎತ್ತಿಕೊಂಡಾಗ ಅನುಸರಿಸಿದ ಹುಡುಕಾಟದ ಕ್ರಮವನ್ನು, ಇದೇ ಬಗೆಯ ಕೆಲಸ ಮಾಡುವವರಿಗೆ ಉಪಯೋಗವಾಗಲೆಂದು ಇಲ್ಲಿ ಬರೆಯುತ್ತಿದ್ದೇನೆ.

ಟಿ.ವಿ. ಕುರಿತ ಪುಸ್ತಕಗಳು ಗ್ರಂಥಾಲಯದ ಒಂದೇ ಕಪಾಟಿನಲ್ಲಿ ಸಿಗುವುದಿಲ್ಲ. ಪುಸ್ತಕಗಳಿಗೆ ವಿಷಯವಾರು ಸಂಖ್ಯೆ ಕೊಟ್ಟು ಜೋಡಿಸುವ ಡ್ಯೂಯಿ ದಶಮಾಂಶ ವರ್ಗೀಕರಣದಲ್ಲಿ ಟಿ.ವಿ. ಕಾರ್ಯಕ್ರಮ ಮತ್ತು ಧಾರಾವಾಹಿಗಳ ವಿಮರ್ಶೆ 791.45ರಲ್ಲಿ, ಪ್ರಸಾರ ಸೇವೆಯ ಆಡಳಿತ ಮತ್ತು ವ್ಯವಹಾರ 384.55ರಲ್ಲಿ, ಸಮಾಜದ ಮೇಲೆ ಮಾಧ್ಯಮದ ಪರಿಣಾಮ 302.2345ರಲ್ಲಿ, ತಂತ್ರಜ್ಞಾನ 621.388ರಲ್ಲಿ, ಟಿ.ವಿ. ಮೂಲಕ ಬೋಧನೆ 371.3358ರಲ್ಲಿ ಇರುತ್ತವೆ. ಸೈಟ್ ಈ ಐದೂ ಕಡೆ ಹರಡಿಕೊಳ್ಳಬಲ್ಲ ವಿಷಯ. ಆದ್ದರಿಂದ ನಾನು ಕಪಾಟಿನಿಂದ ಕಪಾಟಿಗೆ ಅಲೆಯುವ ಬದಲು ಕ್ಯಾಟಲಾಗ್‌ನಿಂದಲೇ ಆರಂಭಿಸಿದೆ. ಹುಡುಕಾಟದಲ್ಲಿ ಉಪಯುಕ್ತವಾದ ಒಂದು ಪುಸ್ತಕ ಸಿಕ್ಕ ಕೂಡಲೇ ಅದರ ಪೂರ್ಣ ದಾಖಲೆಯನ್ನು ತೆರೆದು, ಗ್ರಂಥಪಾಲಕರು ಅದಕ್ಕೆ ಕೊಟ್ಟಿರುವ ವಿಷಯ ಶೀರ್ಷಿಕೆಗಳನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೆ. ಮುಂದಿನ ಹುಡುಕಾಟ ಆ ಶೀರ್ಷಿಕೆಗಳಿಂದಲೇ ಸಾಗುತ್ತಿತ್ತು. ಪುಸ್ತಕದ ಹೆಸರಿನಲ್ಲಿ ಟಿ.ವಿ. ಎಂಬ ಮಾತೇ ಇಲ್ಲದಿದ್ದರೂ, ಶಿಕ್ಷಣ, ಕೃಷಿ ವಿಸ್ತರಣೆ, ಸಂವಹನ ಉಪಗ್ರಹ, ಗ್ರಾಮೀಣಾಭಿವೃದ್ಧಿ ಎಂಬ ಶೀರ್ಷಿಕೆಗಳ ಅಡಿಯಲ್ಲಿ ನನಗೆ ಬೇಕಾದ ಅಧ್ಯಾಯಗಳು ಸಿಗುತ್ತಾ ಹೋದವು.

ಲೇಖಕರ ಹೆಸರಿನ ಜಾಗದಲ್ಲಿ ಸಂಸ್ಥೆಯ ಹೆಸರು ಹಾಕಿ ಹುಡುಕುವುದು ಇನ್ನೊಂದು ಫಲಕಾರಿ ದಾರಿ. ಸರ್ಕಾರಿ ವರದಿಗಳಿಗೆ ಅನೇಕ ವೇಳೆ ವ್ಯಕ್ತಿ ಲೇಖಕರಿರುವುದಿಲ್ಲ. ಇಸ್ರೋ, ಅಹಮದಾಬಾದಿನ ಬಾಹ್ಯಾಕಾಶ ಅನ್ವಯಿಕ ಕೇಂದ್ರ, ಮಾಹಿತಿ ಮತ್ತು ಪ್ರಸಾರ ಸಚಿವಾಲಯ ಇವೇ ಲೇಖಕ ಸ್ಥಾನದಲ್ಲಿರುತ್ತವೆ. ಪ್ರಯೋಗದ ಸಾಮಾಜಿಕ ಮೌಲ್ಯಮಾಪನವನ್ನು ನಡೆಸಿದ ಮಾನವಶಾಸ್ತ್ರಜ್ಞ ಬಿನೋದ್ ಅಗರವಾಲ್ ಅವರ ಹೆಸರನ್ನು ಈ ಸಂಸ್ಥೆಗಳ ಜೊತೆಗೆ ಹುಡುಕಿದಾಗ ಹಳ್ಳಿಗರ ಪ್ರತಿಕ್ರಿಯೆಯನ್ನು ಕುರಿತ ಬರಹಗಳ ಕಡೆಗೆ ದಾರಿ ತೆರೆಯಿತು.

ಸ್ಥಳದ ಹೆಸರುಗಳ ವಿಷಯದಲ್ಲಿ ನಮ್ಮ ಭಾಗದ ಸಂಶೋಧಕರು ವಿಶೇಷವಾಗಿ ಎಚ್ಚರದಿಂದಿರಬೇಕು. ನಗರದ ಅಧಿಕೃತ ಹೆಸರು ಕಲಬುರಗಿ ಎಂದಾದದ್ದು 2014ರ ನವೆಂಬರಿನಲ್ಲಿ. ಹಳೆಯ ದಾಖಲೆಗಳೆಲ್ಲ ಗುಲ್ಬರ್ಗಾ ಎಂಬ ಹೆಸರಿನಲ್ಲಿಯೇ ಇವೆ. ಯಾದಗಿರಿ ಪ್ರತ್ಯೇಕ ಜಿಲ್ಲೆಯಾದದ್ದು 2009ರ ಡಿಸೆಂಬರಿನಲ್ಲಿ, ಆದ್ದರಿಂದ ಶಹಾಪುರ, ಸುರಪುರ ಕಡೆಯ ಹಳ್ಳಿಗಳನ್ನೂ ಗುಲ್ಬರ್ಗಾ ಜಿಲ್ಲೆಯ ಅಡಿಯಲ್ಲಿಯೇ ನೋಡಬೇಕು. 2019ರಲ್ಲಿ ಕಲ್ಯಾಣ ಕರ್ನಾಟಕವಾದ ಪ್ರದೇಶವನ್ನು ಹೈದರಾಬಾದ್ ಕರ್ನಾಟಕ ಎಂದೇ ಹುಡುಕಬೇಕು. ಇದಕ್ಕಿಂತ ಮಹತ್ವದ ಸಂಗತಿ ಇನ್ನೊಂದಿದೆ. ಸೈಟ್ ಕಾರ್ಯಕ್ರಮಗಳ ನಿರ್ಮಾಣ ಕೇಂದ್ರಗಳಿದ್ದದ್ದು ದೆಹಲಿ, ಕಟಕ್ ಮತ್ತು ಹೈದರಾಬಾದಿನಲ್ಲಿ. ಕನ್ನಡ ಕಾರ್ಯಕ್ರಮಗಳು ತೆಲುಗಿನ ಕಾರ್ಯಕ್ರಮಗಳೊಂದಿಗೆ ಹೈದರಾಬಾದ್ ಕೇಂದ್ರದಲ್ಲಿ ತಯಾರಾಗುತ್ತಿದ್ದವು. ಒಂದೇ ಚಿತ್ರದ ಜೊತೆ ಎರಡು ಭಾಷೆಗಳಿಗಾಗಿ ಎರಡು ಧ್ವನಿ ವಾಹಿನಿಗಳನ್ನು ಕಳುಹಿಸುವ ವ್ಯವಸ್ಥೆಯೂ ಆ ಪ್ರಸಾರದಲ್ಲಿತ್ತು. ಹಾಗಾಗಿ ನಮ್ಮ ಹಳ್ಳಿಗಳಲ್ಲಿ ಜನ ನೋಡಿದ ಕಾರ್ಯಕ್ರಮಗಳ ಮಾಹಿತಿ, ಆಗ ಹೈದರಾಬಾದ್ ಸೇರಿದ್ದ ಆಂಧ್ರಪ್ರದೇಶದ ಶೀರ್ಷಿಕೆಯ ಅಡಿಯಲ್ಲಿಯೂ ಇರಬಹುದು. ಕರ್ನಾಟಕ ಎಂಬ ಒಂದೇ ಪದಕ್ಕೆ ಹುಡುಕಾಟವನ್ನು ಬಿಗಿದುಕೊಂಡವರ ಕಣ್ಣಿಗೆ ಅವು ಬೀಳುವುದಿಲ್ಲ.

ಕ್ಯಾಟಲಾಗ್ ಪುಸ್ತಕವನ್ನು ತೋರಿಸುತ್ತದೆಯೇ ಹೊರತು ನಿಯತಕಾಲಿಕೆಯ ಒಳಗಿನ ಲೇಖನಗಳನ್ನು ಸಾಮಾನ್ಯವಾಗಿ ತೋರಿಸುವುದಿಲ್ಲ. ಅದಕ್ಕೆ ಡೇಟಾಬೇಸ್ ಬೇಕು. ಸಿನಿಮಾ ಮತ್ತು ಟಿ.ವಿ.ಗೆ ಮೀಸಲಾದ ವಿದೇಶಿ ಡೇಟಾಬೇಸ್‌ಗಳು ಚಂದಾ ಕಟ್ಟಿದ ಸಂಸ್ಥೆಗಳಿಗೆ ಮಾತ್ರ ದೊರೆಯುತ್ತವೆ. ಅವಿಲ್ಲದೆಯೂ ನನ್ನ ಬಹುಪಾಲು ಕೆಲಸ ನಡೆಯಿತು. ಶಿಕ್ಷಣ ವಿಷಯಕ್ಕೆ ಮೀಸಲಾದ ಎರಿಕ್ ಉಚಿತವಾಗಿದೆ, ಮತ್ತು ಸೈಟ್ ಕುರಿತ ಆ ಕಾಲದ ವರದಿಗಳು ಅಲ್ಲಿವೆ. ಯುನೆಸ್ಕೋದ ಡಿಜಿಟಲ್ ಗ್ರಂಥಾಲಯವೂ ನಾಸಾದ ತಾಂತ್ರಿಕ ವರದಿಗಳ ಭಂಡಾರವೂ ಎಲ್ಲರಿಗೂ ತೆರೆದಿವೆ. ವಿದ್ವತ್ ನಿಯತಕಾಲಿಕೆಗಳ ಡಿಜಿಟಲ್ ಭಂಡಾರವಾದ ಜೆಸ್ಟೋರ್‌ನಲ್ಲಿ ವೈಯಕ್ತಿಕ ಖಾತೆ ತೆರೆದರೆ ತಿಂಗಳಿಗೆ 100 ಲೇಖನಗಳವರೆಗೆ ಪರದೆಯ ಮೇಲೆ ಓದಬಹುದು. ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿಯ ಹಳೆಯ ಸಂಚಿಕೆಗಳು ಅಲ್ಲಿವೆ. 2025ರ ಜನವರಿಯಿಂದ ಜಾರಿಗೆ ಬಂದ ಒಂದು ದೇಶ ಒಂದು ಚಂದಾ ಯೋಜನೆಯ ಮೂಲಕ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ 30 ಪ್ರಕಾಶಕರ ಸುಮಾರು 13,000 ನಿಯತಕಾಲಿಕೆಗಳು ಲಭ್ಯವಾಗಿವೆ. ವಿಶ್ವವಿದ್ಯಾಲಯದ ಆವರಣದಲ್ಲಿ ಓದುವ ವಿದ್ಯಾರ್ಥಿಗಳು ಈ ಸೌಲಭ್ಯದ ಬಗ್ಗೆ ತಮ್ಮ ಗ್ರಂಥಪಾಲಕರನ್ನು ಕೇಳಿ ತಿಳಿದುಕೊಳ್ಳಬೇಕೆಂದು ನಾನು ಒತ್ತಾಯಿಸುತ್ತೇನೆ.

ಡೇಟಾಬೇಸ್‌ನಲ್ಲಿ ಸೈಟ್ ಎಂಬ ಸಂಕ್ಷಿಪ್ತ ರೂಪವನ್ನಷ್ಟೇ ಹಾಕಿದರೆ ಸಂಬಂಧವಿಲ್ಲದ ಫಲಿತಾಂಶಗಳ ರಾಶಿ ಬೀಳುತ್ತದೆ. ನಾನು ಪ್ರಯೋಗದ ಪೂರ್ಣ ಇಂಗ್ಲಿಷ್ ಹೆಸರನ್ನು ಉದ್ಧರಣ ಚಿಹ್ನೆಗಳ ಒಳಗೆ ಹಾಕಿ, ಆಮೇಲೆ ಜಿಲ್ಲೆಯ ಹೆಸರನ್ನೋ ಕೃಷಿ, ಆರೋಗ್ಯ, ಪ್ರಾಥಮಿಕ ಶಾಲೆ ಎಂಬ ಪದಗಳನ್ನೋ ಒಂದೊಂದಾಗಿ ಸೇರಿಸುತ್ತಿದ್ದೆ. ಬೆಳಗಿನ ಒಂದೂವರೆ ಗಂಟೆ ಶಾಲಾ ಮಕ್ಕಳಿಗೆ, ಸಂಜೆಯ ಎರಡೂವರೆ ಗಂಟೆ ದೊಡ್ಡವರಿಗೆ ಎಂದು ಪ್ರಸಾರ ಹಂಚಿಕೆಯಾಗಿದ್ದುದರಿಂದ, ಹುಡುಕಾಟವನ್ನೂ ಹಾಗೆಯೇ ಎರಡು ಭಾಗ ಮಾಡಿಕೊಂಡದ್ದು ಅನುಕೂಲವಾಯಿತು. ವರ್ಷದ ಮಿತಿಯನ್ನು 1969ರಿಂದ ಇಟ್ಟುಕೊಂಡೆ, ಏಕೆಂದರೆ ಭಾರತ ಮತ್ತು ನಾಸಾ ನಡುವಿನ ಒಪ್ಪಂದ ಆ ವರ್ಷದ್ದು, ಮತ್ತು ಯೋಜನೆಯ ಆಶಯಗಳು ಪ್ರಯೋಗಕ್ಕಿಂತ ಮೊದಲಿನ ಬರಹಗಳಲ್ಲಿಯೇ ಹೆಚ್ಚು ಸ್ಪಷ್ಟವಾಗಿರುತ್ತವೆ.

ವಿಶ್ವವಿದ್ಯಾಲಯಗಳ ಗ್ರಂಥಾಲಯಗಳನ್ನು ಜೋಡಿಸುವ ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಶೋಧಗಂಗಾ ಭಂಡಾರದಲ್ಲಿ ಪಿಎಚ್.ಡಿ. ಪ್ರಬಂಧಗಳ ಅಧ್ಯಾಯಗಳು ಬೇರೆ ಬೇರೆ ಕಡತಗಳಾಗಿ ಇರುತ್ತವೆ. ನಾನು ಮೊದಲು ತೆರೆಯುವುದು ಕೊನೆಯ ಗ್ರಂಥಋಣದ ಕಡತವನ್ನು. ಸ್ಥಳೀಯ ವಿಚಾರ ಸಂಕಿರಣಗಳ ಸಂಪುಟಗಳು, ಅಚ್ಚಾಗದ ವರದಿಗಳು ಮುಂತಾಗಿ ಯಾವ ಕ್ಯಾಟಲಾಗ್‌ನಲ್ಲಿಯೂ ಕಾಣದ ಬರಹಗಳ ಸುಳಿವು ಅಲ್ಲಿ ಸಿಗುತ್ತದೆ. ಕನ್ನಡದ ಪ್ರಬಂಧಗಳು ಅನೇಕ ಕಡೆ ಸ್ಕ್ಯಾನ್ ಮಾಡಿದ ಚಿತ್ರಗಳಾಗಿಯೇ ಇರುವುದರಿಂದ ಒಳಗಿನ ಪಠ್ಯದಲ್ಲಿ ಪದ ಹಾಕಿ ಹುಡುಕಲು ಬರುವುದಿಲ್ಲ. ವಿಭಾಗ ಮತ್ತು ಶೀರ್ಷಿಕೆಯ ಮೂಲಕ ತಲುಪಿ, ಪುಟ ತಿರುಗಿಸಿಯೇ ಓದಬೇಕು.

ಪತ್ರಿಕೆಗಳದು ಬೇರೆಯೇ ಕೆಲಸ. 1975-76ರ ಕನ್ನಡ ದಿನಪತ್ರಿಕೆಗಳ ವಿಷಯದಲ್ಲಿ ಈ ಡೇಟಾಬೇಸ್‌ಗಳು ನೆರವಿಗೆ ಬರುವುದಿಲ್ಲ. ಯಾವ ಪತ್ರಿಕೆಯ ಯಾವ ವರ್ಷದ ಸಂಪುಟ ಎಲ್ಲಿದೆ ಎಂಬುದನ್ನು ಕ್ಯಾಟಲಾಗ್‌ನ ನಿಯತಕಾಲಿಕೆ ವಿಭಾಗದಲ್ಲಿ ನೋಡಿಕೊಂಡು, ಗ್ರಂಥಪಾಲಕರಿಗೆ ಮುಂಚಿತವಾಗಿ ಪತ್ರ ಬರೆದು ಹೋಗಬೇಕು. ಸೈಟ್ ನಡೆದ ಇಡೀ ವರ್ಷ ದೇಶದಲ್ಲಿ ತುರ್ತು ಪರಿಸ್ಥಿತಿ ಜಾರಿಯಲ್ಲಿತ್ತು. ಹಾಗಾಗಿ ಪತ್ರಿಕೆಗಳ ಹೊಗಳಿಕೆಯನ್ನು ಸೆನ್ಸಾರ್ ಕಾಲದ ಬರಹವೆಂದು ಅರಿತೇ ಓದಬೇಕು, ಮತ್ತು ತುರ್ತು ಪರಿಸ್ಥಿತಿ ಮುಗಿದ 1977ರ ಮಾರ್ಚ್ ನಂತರ ಬಂದ ಲೇಖನಗಳೊಂದಿಗೆ ಹೋಲಿಸಬೇಕು. ನಾನು ಪ್ರತಿಯೊಂದು ನಮೂದಿನ ಪಕ್ಕದಲ್ಲಿ ಅದು ಪ್ರಕಟವಾದ ತಿಂಗಳನ್ನೂ ಅದರಲ್ಲಿ ಹೆಸರಿಸಿದ ಹಳ್ಳಿಯನ್ನೂ ಬರೆದಿಡುತ್ತಿದ್ದೇನೆ. ಆ ಹಳ್ಳಿಗಳ ಪಟ್ಟಿ ಹಿಡಿದು, ಅಂದು ಶಾಲೆಯ ಅಂಗಳದಲ್ಲಿ ಕುಳಿತು ಕಾರ್ಯಕ್ರಮ ನೋಡಿದವರನ್ನು ಮಾತನಾಡಿಸುವ ಕೆಲಸವನ್ನು ಚಿತ್ತಾಪುರ ಮತ್ತು ಸೇಡಂ ಕಡೆಯಿಂದ ಆರಂಭಿಸಲಿದ್ದೇನೆ.