ಹೊಂಡದ ನೀರು ಹಸಿರು ಕೆನೆ ಕಟ್ಟಿದರೆ ಮೈಲುತುತ್ತ ಸುರಿಯಬೇಡಿ

ಬೇಸಿಗೆಯಲ್ಲಿ ಗಾಳಿ ನಿಂತು, ಕೆರೆಯ ಅಥವಾ ಕೃಷಿ ಹೊಂಡದ ಅಂಚಿಗೆ ಹಸಿರು ಪೇಂಟ್ ಚೆಲ್ಲಿದ ಹಾಗೆ ಕೆನೆ ಕಟ್ಟಿದೆಯೇ? ದನಗಳನ್ನು ಅವತ್ತೇ ಆ ನೀರಿನಿಂದ ತಪ್ಪಿಸಿ. ಪರೀಕ್ಷೆ ಆಮೇಲೆ.

ಒಂದು ಕೋಲು ಅದ್ದಿ ಎತ್ತಿ. ಕೂದಲಿನ ಹಾಗೆ ಎಳೆಎಳೆಯಾಗಿ ಜೋತುಬಿದ್ದರೆ ಸಾಮಾನ್ಯವಾಗಿ ಅದು ಮಾಮೂಲಿ ಪಾಚಿ. ಬಣ್ಣದಂತೆ ಮೆತ್ತಿಕೊಂಡರೆ, ವಿಷ ಬಿಡಬಲ್ಲ ನೀಲಿ-ಹಸಿರು ಪಾಚಿಯ ಅನುಮಾನ. ನಮ್ಮ ಕೆರೆಗಳಲ್ಲಿ ಹೆಚ್ಚಾಗಿ ಕಾಣುವುದು ಇದರಲ್ಲೇ ಒಂದು ಬಗೆಯಾದ ಮೈಕ್ರೋಸಿಸ್ಟಿಸ್. ದಡದಲ್ಲಿ ಒಣಗಿದ ಕೆನೆಯ ಅಂಚು ತಿಳಿನೀಲಿಗೆ ತಿರುಗಿದ್ದರೆ ಅನುಮಾನ ಗಟ್ಟಿ.

ಇನ್ನು ಬಾಟಲಿ ಪರೀಕ್ಷೆ. ಕೈಗವಸು ಹಾಕಿಕೊಂಡು, ಕೆನೆಯನ್ನೇ ಗೋರದೆ, ಅದರ ಕೆಳಗಿನ ನೀರನ್ನು ಗಾಜಿನ ಬಾಟಲಿಗೆ ಮುಕ್ಕಾಲು ತುಂಬಿ. ರಾತ್ರಿಯಿಡೀ ತಂಪಿನಲ್ಲಿ ಅಲುಗಾಡದಂತೆ ಇಡಿ. ಬೆಳಿಗ್ಗೆ ಹಸಿರೆಲ್ಲ ಮೇಲೆ ಪಟ್ಟಿಯಾಗಿ ನಿಂತಿದ್ದರೆ ನೀಲಿ-ಹಸಿರು ಪಾಚಿಯೇ ಇರಬೇಕು. ಅದರ ಕೋಶಗಳಲ್ಲಿ ಗಾಳಿಗುಳ್ಳೆಗಳಿರುವುದರಿಂದ ತೇಲುತ್ತದೆ. ತಳ ಸೇರಿದ್ದರೆ ಬಹುಪಾಲು ಬೇರೆ ಪಾಚಿ. ವಿಷ ಇದೆಯೋ ಇಲ್ಲವೋ ಹೇಳಲು ಲ್ಯಾಬೇ ಬೇಕು. ವರದಿ ಬರುವ ತನಕ ಇದೆ ಎಂದೇ ನಡೆದುಕೊಳ್ಳಿ.

ಬಹಳ ಮಂದಿ ಎಡವುವುದು ಮುಂದಿನ ಹೆಜ್ಜೆಯಲ್ಲಿ: ಮೈಲುತುತ್ತವನ್ನೋ ಬ್ಲೀಚಿಂಗ್ ಪೌಡರನ್ನೋ ಸುರಿಯುತ್ತಾರೆ. ನೀರು ತಿಳಿಯಾಗುತ್ತದೆ, ಕಣ್ಣಿಗೆ ಸಮಾಧಾನ. ಆದರೆ ಕೋಶಗಳು ಒಡೆದು, ಒಳಗಿದ್ದ ಮೈಕ್ರೋಸಿಸ್ಟಿನ್ ಎಂಬ ಯಕೃತ್ತಿನ ವಿಷ ಒಮ್ಮೆಲೇ ನೀರಿಗಿಳಿಯುತ್ತದೆ. ಸತ್ತ ಪಾಚಿ ಕೊಳೆಯುವಾಗ ಆಮ್ಲಜನಕ ಕುಸಿದು ಮೀನೂ ಸಾಯುತ್ತದೆ. ತಿಳಿನೀರಿನಲ್ಲಿ ವಿಷ ವಾರಗಟ್ಟಲೆ ಉಳಿಯಬಹುದು.

ಕುದಿಸಿದರೂ ಇದು ಹೋಗುವುದಿಲ್ಲ. ನೀರು ಆವಿಯಾದಷ್ಟು ವಿಷ ಗಟ್ಟಿಯಾಗುತ್ತದೆ. 2014ರ ಆಗಸ್ಟ್‌ನಲ್ಲಿ ಅಮೆರಿಕದ ಟೊಲೆಡೊ ನಗರದ ನಲ್ಲಿನೀರಿನಲ್ಲಿ ಮೈಕ್ರೋಸಿಸ್ಟಿನ್ ಸಿಕ್ಕಾಗ, 4 ಲಕ್ಷಕ್ಕೂ ಹೆಚ್ಚು ಜನರಿಗೆ ‘ಕುಡಿಯಬೇಡಿ, ಕುದಿಸಲೂ ಬೇಡಿ’ ಎಂದೇ ಸೂಚನೆ ಹೋಗಿತ್ತು. ದಿನವೂ ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಇಟ್ಟ ಮಿತಿ ಲೀಟರಿಗೆ 1 ಮೈಕ್ರೋಗ್ರಾಂ. ಬಟ್ಟೆಯಲ್ಲಿ ಸೋಸಿದರೆ ಪಾಚಿ ನಿಲ್ಲಬಹುದು, ಕರಗಿದ ವಿಷ ನಿಲ್ಲದು.

ದನಕ್ಕೆ ಬೋರ್‌ವೆಲ್ ನೀರು ಕೊಡಿ. ಹೊಂಡದ ನೀರೇ ಗತಿಯಾದರೆ, ಗಾಳಿ ಕೆನೆಯನ್ನು ತಳ್ಳುವ ದಡ ಬಿಟ್ಟು ಎದುರು ದಡದಿಂದ, ಮೇಲ್ಮೈಯಿಂದ ಅರ್ಧ ಮೀಟರಾದರೂ ಕೆಳಗೆ, ಕೆಸರಿಗೆ ತಾಗದಂತೆ ಪೈಪ್ ಇಟ್ಟು ಎತ್ತಿ. ಅಪಾಯ ಕಡಿಮೆಯಾಗುತ್ತದೆ, ಇಲ್ಲದಾಗುವುದಿಲ್ಲ. ಕುಡಿದ ದನ ತೂರಾಡಿದರೆ, ಮೇವು ಬಿಟ್ಟರೆ ನೆರಳಿನಲ್ಲಿ ಕಟ್ಟಿ ಪಶುವೈದ್ಯರನ್ನು ಕರೆಸಿ. ಇದಕ್ಕೆ ನಿರ್ದಿಷ್ಟ ಪ್ರತಿವಿಷವಿಲ್ಲ.

ಮೀನು ಸಾಕಿದ್ದರೆ ಮೇವು ನಿಲ್ಲಿಸಿ, ನಡುರಾತ್ರಿಯಿಂದ ಸೂರ್ಯೋದಯದವರೆಗೆ ಏರೇಟರ್ ಓಡಿಸಿ. ಆಮ್ಲಜನಕ ತೀರಾ ಇಳಿಯುವುದು ನಸುಕಿನಲ್ಲಿ.