ರಫ್ತಿನಲ್ಲಿ ಯಾರು ಮುಂದೆ? ಪಟ್ಟಿಯನ್ನು ನೀವೇ ಮಾಡಿ ನೋಡಿ

2023ರ ಸರಕು ರಫ್ತಿನ ಪಟ್ಟಿಯಲ್ಲಿ ಮೊದಲ ಹದಿನೈದು ಹೆಸರುಗಳಲ್ಲಿ ಭಾರತ ಸಿಗುವುದಿಲ್ಲ. ಅದೇ ವರ್ಷದ ಸೇವಾ ರಫ್ತಿನ ಪಟ್ಟಿಯಲ್ಲಿ ಮೊದಲ ಹತ್ತರೊಳಗೇ ಸಿಗುತ್ತದೆ. ಸರಕು ರಫ್ತನ್ನು ಜನಸಂಖ್ಯೆಯಿಂದ ಭಾಗಿಸಿದರೆ ವಿಯೆಟ್ನಾಂನದು ನಮ್ಮದರ ಹನ್ನೊಂದರಷ್ಟಕ್ಕೂ ಹೆಚ್ಚು. ಮೂರೂ ಸರಿಯಾದ ಲೆಕ್ಕಗಳೇ. ಮೂರಕ್ಕೂ ಕೇಳಿದ ಪ್ರಶ್ನೆ ಮಾತ್ರ ಬೇರೆ. ಯಾವ ಪ್ರಶ್ನೆಗೆ ಯಾವ ಅಂಕಣ ನೋಡಬೇಕು ಎಂಬುದು ಗೊತ್ತಿದ್ದರೆ ಇಂಥ ಪಟ್ಟಿಯನ್ನು ಯಾರು ಬೇಕಾದರೂ ಮಾಡಬಹುದು. ಬೇಕಾಗುವುದು ಒಂದು ಕಂಪ್ಯೂಟರ್, ಎಕ್ಸೆಲ್‌ನಂಥ ಒಂದು ತಂತ್ರಾಂಶ ಮತ್ತು ಅರ್ಧ ದಿನದ ತಾಳ್ಮೆ. ಅಂಕಿಅಂಶಗಳೆಲ್ಲ ಅಂತರ್ಜಾಲದಲ್ಲಿ ಬಿಟ್ಟಿಯಾಗಿ ಸಿಗುತ್ತವೆ.

ಮೊದಲು ಕಡತ ಇಳಿಸಿಕೊಳ್ಳಿ

ಸರಕು, ಸೇವೆ ಎರಡೂ ಸೇರಿದ ಮೊತ್ತ ಬೇಕಿದ್ದರೆ ವಿಶ್ವಬ್ಯಾಂಕ್‌ನ ದತ್ತಾಂಶ ತಾಣ ಸುಲಭ. ಎರಡನ್ನೂ ಬೇರೆ ಬೇರೆಯಾಗಿ ನೋಡಬೇಕಿದ್ದರೆ ವಿಶ್ವ ವ್ಯಾಪಾರ ಸಂಸ್ಥೆಯ (ಡಬ್ಲ್ಯುಟಿಒ) ಅಂಕಿಅಂಶ ತಾಣಕ್ಕೆ ಹೋಗಿ. ಕಾಫಿ, ಮೊಬೈಲ್ ಎಂದು ಒಂದೊಂದು ಸರಕಿನ ಲೆಕ್ಕಕ್ಕೆ ವಿಶ್ವಸಂಸ್ಥೆಯ ಕಾಮ್‌ಟ್ರೇಡ್ ಇದೆ.

ವಿಶ್ವಬ್ಯಾಂಕ್‌ನ ಸಿಎಸ್‌ವಿ ಕಡತ (ಎಕ್ಸೆಲ್‌ನಲ್ಲಿ ತೆರೆಯಬಹುದಾದ ಸರಳ ಪಟ್ಟಿ) ತೆರೆದು, ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದ ತಕ್ಷಣ ಎಲ್ಲರೂ ಎಡವುವ ಜಾಗವೊಂದಿದೆ. ಮೇಲಿನ ಸಾಲುಗಳಲ್ಲಿ ಚೀನಾ ಬರುವುದಿಲ್ಲ. ‘ಜಗತ್ತು’, ‘ಹೆಚ್ಚು ಆದಾಯದ ದೇಶಗಳು’, ‘ಐರೋಪ್ಯ ಒಕ್ಕೂಟ’ ಬಂದು ಕೂರುತ್ತವೆ. ಈ ಕಡತದಲ್ಲಿ ದೇಶಗಳೂ ದೇಶಗುಂಪುಗಳೂ ಬೆರೆತುಕೊಂಡಿರುವುದೇ ಕಾರಣ. ಜೊತೆಯಲ್ಲೇ ಬರುವ, ದತ್ತಾಂಶದ ವಿವರಗಳಿರುವ ಮೆಟಾಡೇಟಾ ಕಡತದಲ್ಲಿ ‘ಪ್ರದೇಶ’ ಎಂಬ ಅಂಕಣ ಖಾಲಿ ಇರುವ ಸಾಲುಗಳೆಲ್ಲ ಗುಂಪುಗಳು. ಅವನ್ನು ಮೊದಲು ತೆಗೆಯಿರಿ. ಆಮೇಲೆ ಖಾಲಿ ಮನೆಗಳನ್ನು (ಸೆಲ್) ನೋಡಿ. ಖಾಲಿ ಎಂದರೆ ಆ ವರ್ಷದ ಅಂಕಿ ಬಂದಿಲ್ಲ ಎಂದರ್ಥ, ಸೊನ್ನೆ ಅಲ್ಲ. ಅಲ್ಲಿ ಸೊನ್ನೆ ತುಂಬಿದರೆ ಸರಾಸರಿ ಪೂರ್ತಿ ಕೆಡುತ್ತದೆ.

ತೈವಾನ್‌ಗೆ ವಿಶ್ವಬ್ಯಾಂಕ್‌ನ ಪಟ್ಟಿಯಲ್ಲಿ ಸಾಲೇ ಇಲ್ಲ. ಡಬ್ಲ್ಯುಟಿಒ ಪಟ್ಟಿಯಲ್ಲಿ ‘ಚೈನೀಸ್ ತೈಪೆ’ ಎಂಬ ಹೆಸರಿನಲ್ಲಿದೆ. 2023ರಲ್ಲಿ ತೈವಾನ್‌ನ ಸರಕು ರಫ್ತು ಹೆಚ್ಚುಕಡಿಮೆ ಭಾರತದಷ್ಟೇ, ಸುಮಾರು 43,000 ಕೋಟಿ ಡಾಲರ್. ಯಾವ ಪಟ್ಟಿ ಹಿಡಿದಿರಿ ಎಂಬುದರ ಮೇಲೆಯೇ ಭಾರತದ ಸ್ಥಾನ ಒಂದು ಮೆಟ್ಟಿಲು ಹೆಚ್ಚುಕಡಿಮೆ ಆಗಬಹುದು.

ಅಳತೆ, ವರ್ಷ, ನಾಣ್ಯ

ವಿಶ್ವಬ್ಯಾಂಕ್ ಪೂರ್ತಿ ಡಾಲರ್‌ಗಳಲ್ಲಿ ಬರೆಯುತ್ತದೆ, ಡಬ್ಲ್ಯುಟಿಒ ಮಿಲಿಯನ್‌ಗಳಲ್ಲಿ. ಒಂದು ಮಿಲಿಯನ್ ಎಂದರೆ 10 ಲಕ್ಷ, ಒಂದು ಬಿಲಿಯನ್ ಎಂದರೆ 100 ಕೋಟಿ, ಒಂದು ಟ್ರಿಲಿಯನ್ ಎಂದರೆ ಒಂದು ಲಕ್ಷ ಕೋಟಿ. ಈ ಮೂರನ್ನು ಹಾಳೆಯ ಮೇಲ್ತುದಿಯಲ್ಲಿ ಬರೆದಿಟ್ಟುಕೊಂಡು ಎಲ್ಲವನ್ನೂ ಒಂದೇ ಅಳತೆಗೆ ತನ್ನಿ. ತಪ್ಪಾದ ಪಟ್ಟಿಗಳಲ್ಲಿ ಹಲವು ಇಲ್ಲೇ ತಪ್ಪಿರುತ್ತವೆ.

ನಮ್ಮ ಸರ್ಕಾರ ಹೇಳುವ ರಫ್ತು ಏಪ್ರಿಲ್‌ನಿಂದ ಮಾರ್ಚ್‌ವರೆಗಿನದು. ಬಾಂಗ್ಲಾದೇಶ, ಪಾಕಿಸ್ತಾನಗಳ ಹಣಕಾಸು ವರ್ಷ ಜುಲೈನಿಂದ ಜೂನ್‌ವರೆಗೆ. ಡಬ್ಲ್ಯುಟಿಒ ಹಿಡಿಯುವುದು ಜನವರಿಯಿಂದ ಡಿಸೆಂಬರ್. ಭಾರತದ 2023–24ನ್ನು ಚೀನಾದ 2023ರ ಪಕ್ಕ ಇಟ್ಟರೆ ಮೂರು ತಿಂಗಳು ಅತ್ತಿತ್ತ ಆಗುತ್ತವೆ. ಬೆಲೆಗಳು ಏರಿಳಿದ ವರ್ಷಗಳಲ್ಲಿ ಈ ಮೂರು ತಿಂಗಳು ಸಣ್ಣದಲ್ಲ.

ಡಾಲರ್‌ನದು ಇನ್ನೊಂದು ಕಥೆ. 2021ರಲ್ಲಿ ಜಪಾನ್ ಸುಮಾರು 83 ಲಕ್ಷ ಕೋಟಿ ಯೆನ್ ಸರಕು ರಫ್ತು ಮಾಡಿತು. 2022ರಲ್ಲಿ ಅದು 98 ಲಕ್ಷ ಕೋಟಿ ಯೆನ್‌ಗೆ ಏರಿತು, ಅಂದರೆ ಶೇ 18ರಷ್ಟು ಹೆಚ್ಚಳ. ಅದೇ ಅವಧಿಯಲ್ಲಿ ಡಾಲರ್‌ಗೆ 110 ಯೆನ್ ಇದ್ದ ಸರಾಸರಿ ದರ 131ಕ್ಕೆ ಹೋಯಿತು. ಹೀಗಾಗಿ ಡಾಲರ್ ಪಟ್ಟಿಯಲ್ಲಿ ಜಪಾನ್‌ನ ರಫ್ತು ಏರುವ ಬದಲು ತುಸು ಇಳಿದಂತೆ ಕಾಣುತ್ತದೆ. ಒಂದು ದೇಶ ವರ್ಷದಿಂದ ವರ್ಷಕ್ಕೆ ಬೆಳೆಯಿತೇ ಎಂದು ನೋಡಲು ಅದರ ಸ್ವಂತ ನಾಣ್ಯದ ಅಂಕಿಯನ್ನೂ ಪಕ್ಕದಲ್ಲಿಡಿ. ದೇಶ ದೇಶಗಳ ಹೋಲಿಕೆಗೆ ಮಾತ್ರ ಡಾಲರ್ ಸಾಕು.

ಗಡಿ ದಾಟಿದ್ದೆಲ್ಲ ಗಳಿಕೆಯಲ್ಲ

ಇಷ್ಟು ಮಾಡಿ 2023ರ ಸರಕು ಪಟ್ಟಿ ಜೋಡಿಸಿದರೆ ಚೀನಾ ಸುಮಾರು 3.4 ಲಕ್ಷ ಕೋಟಿ ಡಾಲರ್‌ನೊಂದಿಗೆ ಮೊದಲು, ಅಮೆರಿಕ 2 ಲಕ್ಷ ಕೋಟಿಯೊಂದಿಗೆ ಎರಡನೆಯದು, ಜರ್ಮನಿ 1.7 ಲಕ್ಷ ಕೋಟಿಯೊಂದಿಗೆ ಮೂರನೆಯದು. ನಾಲ್ಕನೆಯದು ನೆದರ್ಲೆಂಡ್ಸ್. ಎರಡು ಕೋಟಿಯೂ ಜನರಿಲ್ಲದ ದೇಶ ಜಪಾನ್‌ಗಿಂತ ಮೇಲೆ ಹೇಗೆ ಬಂತು?

ರೋಟರ್‌ಡ್ಯಾಂ ಬಂದರಿನಿಂದ. ಏಷ್ಯಾದಿಂದ ಬಂದ ಕಂಟೇನರನ್ನು ಡಚ್ ಕಂಪನಿಯೊಂದು ಕೊಂಡು, ಹೆಚ್ಚೇನೂ ಬದಲಾಯಿಸದೆ ಜರ್ಮನಿಗೆ ಮಾರಿದರೂ ಅದು ನೆದರ್ಲೆಂಡ್ಸ್‌ನ ರಫ್ತು. ಇದಕ್ಕೆ ಮರುರಫ್ತು ಎನ್ನುತ್ತಾರೆ. ಆ ದೇಶದ ಸರಕು ರಫ್ತಿನಲ್ಲಿ ಸುಮಾರು ಅರ್ಧ ಇಂಥದ್ದೇ. ಹಾಂಗ್‌ಕಾಂಗ್‌ನಲ್ಲಂತೂ ಹೆಚ್ಚುಕಡಿಮೆ ಎಲ್ಲವೂ ಮರುರಫ್ತು. 2023–24ರಲ್ಲಿ ಅಮೆರಿಕ, ಯುಎಇ ನಂತರ ಭಾರತದ ಸರಕು ಅತಿ ಹೆಚ್ಚು ಹೋದದ್ದು ನೆದರ್ಲೆಂಡ್ಸ್‌ಗೆ, ಅದರಲ್ಲಿ ದೊಡ್ಡ ಪಾಲು ಪೆಟ್ರೋಲಿಯಂ ಉತ್ಪನ್ನ. ಅಷ್ಟನ್ನೂ ಡಚ್ಚರೇ ಉರಿಸಲಿಲ್ಲ. ಹಾಂಗ್‌ಕಾಂಗ್ ತನ್ನ ಸ್ವಂತ ರಫ್ತು, ಮರುರಫ್ತುಗಳ ಅಂಕಿಗಳನ್ನು ಬೇರೆ ಬೇರೆಯಾಗಿ ಕೊಡುತ್ತದೆ. ಇಂಥ ವಿಂಗಡಣೆ ಸಿಕ್ಕ ಕಡೆ ಪಕ್ಕದಲ್ಲೊಂದು ಅಂಕಣ ಮಾಡಿ ಬರೆಯಿರಿ.

ಗಡಿಯ ಪ್ರಶ್ನೆ ಇನ್ನೊಂದು ಬಗೆಯಲ್ಲೂ ಬರುತ್ತದೆ. ಬೆಳಗಾವಿಯಿಂದ ಕೊಲ್ಹಾಪುರಕ್ಕೆ ಲಾರಿ ಹೋದರೆ ಅದು ಒಳನಾಡು ವ್ಯಾಪಾರ. ಅಷ್ಟೇ ದೂರ ಬೆಲ್ಜಿಯಂನಿಂದ ನೆದರ್ಲೆಂಡ್ಸ್‌ಗೆ ಹೋದರೆ ರಫ್ತು. ಐರೋಪ್ಯ ಒಕ್ಕೂಟದ ದೇಶಗಳ ಸರಕು ರಫ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಒಕ್ಕೂಟದೊಳಗೇ ಓಡಾಡುತ್ತದೆ. ಭಾರತ, ಚೀನಾ, ಅಮೆರಿಕಗಳಂಥ ದೊಡ್ಡ ದೇಶಗಳ ಜೊತೆ ಅವನ್ನು ತೂಗುವಾಗ ಒಕ್ಕೂಟವನ್ನು ಒಂದೇ ಘಟಕವಾಗಿ ಹಿಡಿದು, ಹೊರಗೆ ಮಾರಿದ್ದನ್ನಷ್ಟೇ ಎಣಿಸಿದ ಇನ್ನೊಂದು ಪಟ್ಟಿಯನ್ನೂ ಮಾಡುವುದು ನ್ಯಾಯ.

ವಹಿವಾಟು ಬೇರೆ, ಸಂಪಾದನೆ ಬೇರೆ ಎಂಬುದು ಯಾವ ಕಿರಾಣಿ ಅಂಗಡಿಯವರಿಗೂ ಗೊತ್ತು. ರಫ್ತಿನ ಅಂಕಿ ವಹಿವಾಟಿನದು. 2009ರಲ್ಲಿ ಚೀನಾದಿಂದ ಹೊರಟ ಒಂದು ಐಫೋನ್‌ನ ಕಾರ್ಖಾನೆ ವೆಚ್ಚ ಸುಮಾರು 179 ಡಾಲರ್ ಎಂದು ಸಂಶೋಧಕರು ಲೆಕ್ಕ ಹಾಕಿದ್ದರು. ಚೀನಾದಲ್ಲಿ ನಡೆದ ಜೋಡಣೆಯ ಪಾಲು ಅದರಲ್ಲಿ ಆರೂವರೆ ಡಾಲರ್. ರಫ್ತಿನ ಪುಸ್ತಕದಲ್ಲಿ ಪೂರ್ತಿ 179 ಡಾಲರೂ ಚೀನಾದ ಹೆಸರಿಗೆ ಸೇರಿತ್ತು. ಇಂದು ಕೋಲಾರದ ನರಸಾಪುರದಲ್ಲಿ, ದೇವನಹಳ್ಳಿಯಲ್ಲಿ ಜೋಡಣೆಯಾಗಿ ಹೊರಡುವ ಫೋನ್‌ಗಳಿಗೂ, ಕಚ್ಚಾತೈಲ ತರಿಸಿ ಸಂಸ್ಕರಿಸಿ ಮಂಗಳೂರಿನಿಂದ ಹಡಗೇರುವ ಇಂಧನಕ್ಕೂ ಇದೇ ನಿಯಮ. ಹೊರಗೆ ಹೋದ ಪೂರ್ತಿ ಬೆಲೆ ರಫ್ತಿನಲ್ಲಿ, ಒಳಗೆ ಬಂದ ಬಿಡಿಭಾಗ, ಕಚ್ಚಾತೈಲ ಆಮದಿನಲ್ಲಿ. ದೇಶದೊಳಗೆ ಸೇರಿದ ಮೌಲ್ಯ ಎಷ್ಟೆಂದು ಬೇಕಿದ್ದರೆ, ಬಹುಪಾಲು ಶ್ರೀಮಂತ ದೇಶಗಳ ಕೂಟವಾದ ಒಇಸಿಡಿಯ ‘ಟಿವಾ’ ಎಂಬ ದತ್ತಾಂಶ ನೋಡಬೇಕು. ಅದು ಕೆಲವು ವರ್ಷ ತಡವಾಗಿ ಬರುತ್ತದೆ, ಆದರೂ ಕಾಯಲು ಯೋಗ್ಯ.

ಸೇವೆಗಳು: ಕಣ್ಣಿಗೆ ಕಾಣದ ಹಡಗು

2023ರಲ್ಲಿ ಜಗತ್ತಿನ ಸರಕು ರಫ್ತು ಸುಮಾರು 24 ಲಕ್ಷ ಕೋಟಿ ಡಾಲರ್, ವಾಣಿಜ್ಯ ಸೇವೆಗಳದು 7.5 ಲಕ್ಷ ಕೋಟಿ ಡಾಲರ್. ಸರಕಿನಲ್ಲಿ ಭಾರತದ ಪಾಲು ಶೇ 1.8ರಷ್ಟು, ಸೇವೆಯಲ್ಲಿ ಶೇ 4.5ರ ಆಸುಪಾಸು. ಸೇವೆಗಳನ್ನು ಬಿಟ್ಟು ಮಾಡಿದ ಪಟ್ಟಿ ಭಾರತಕ್ಕೆ, ಬ್ರಿಟನ್‌ಗೆ, ಐರ್ಲೆಂಡ್‌ಗೆ ಅನ್ಯಾಯ ಮಾಡುತ್ತದೆ. ಕರ್ನಾಟಕಕ್ಕೆ ಇನ್ನೂ ಹೆಚ್ಚು. ರಾಜ್ಯವಾರು ಸರಕು ರಫ್ತಿನಲ್ಲಿ 2023–24ರಲ್ಲಿ ಜಾಮ್‌ನಗರದ ತೈಲ ಸಂಸ್ಕರಣಾಗಾರಗಳಿರುವ ಗುಜರಾತ್ 13,400 ಕೋಟಿ ಡಾಲರ್ ಮುಟ್ಟಿದರೆ ಕರ್ನಾಟಕ 2,600 ಕೋಟಿ ಡಾಲರ್ ಚಿಲ್ಲರೆಯಲ್ಲಿತ್ತು. ಸರಕು ಹೊರಹೋಗುವಾಗ ಕಸ್ಟಮ್ಸ್‌ಗೆ ಕೊಡುವ ಶಿಪ್ಪಿಂಗ್ ಬಿಲ್‌ನಲ್ಲಿ ರಫ್ತುದಾರರು ಬರೆದ ಮೂಲ ರಾಜ್ಯದ ಮೇಲೆ ನಿಂತ ಲೆಕ್ಕ ಇದು. ಬೆಂಗಳೂರಿನ ಸಾಫ್ಟ್‌ವೇರ್‌ಗೆ ಶಿಪ್ಪಿಂಗ್ ಬಿಲ್ ಇಲ್ಲ, ಅದರದು ತಂತ್ರಾಂಶ ರಫ್ತಿಗೆಂದೇ ಇರುವ ಸಾಫ್ಟೆಕ್ಸ್ ನಮೂನೆ. ಹೀಗಾಗಿ ರಾಜ್ಯದ ಅತಿದೊಡ್ಡ ರಫ್ತು ಈ ಪಟ್ಟಿಯಲ್ಲಿ ಬರುವುದೇ ಇಲ್ಲ.

ಸೇವಾ ರಫ್ತಿನಲ್ಲಿ ಏನು ಸೇರುತ್ತದೆ, ಏನು ಸೇರುವುದಿಲ್ಲ ಎಂಬುದನ್ನು ತಿಳಿದೇ ಮುಂದೆ ಹೋಗಬೇಕು. ಬೆಂಗಳೂರಿನಲ್ಲಿ ಕೂತ ಎಂಜಿನಿಯರ್ ಅಮೆರಿಕದ ಗಿರಾಕಿಗೆ ಕೋಡ್ ಬರೆದರೆ ರಫ್ತು. ವಿದೇಶಿ ಬ್ಯಾಂಕೊಂದರ ಬೆಂಗಳೂರು ಘಟಕ ತನ್ನ ಮಾತೃಸಂಸ್ಥೆಗೇ ಕೆಲಸ ಮಾಡಿ ಬಿಲ್ ಕಳಿಸಿದರೂ ರಫ್ತು. ಜರ್ಮನಿಯ ಪ್ರವಾಸಿ ಹಂಪಿಗೆ ಬಂದು ಹೊಸಪೇಟೆಯಲ್ಲಿ ಕೋಣೆ ಹಿಡಿದು, ಆಟೊ ಹತ್ತಿ, ಊಟ ಮಾಡಿದರೆ ಆ ಖರ್ಚೆಲ್ಲ ‘ಪ್ರಯಾಣ’ ಎಂಬ ಶೀರ್ಷಿಕೆಯಡಿ ಭಾರತದ ಸೇವಾ ರಫ್ತು. ಇಲ್ಲಿ ಗಡಿ ದಾಟಿದ್ದು ಗಿರಾಕಿ.

ಆದರೆ ಭಾರತದ ಕಂಪನಿಯೊಂದು ಅಮೆರಿಕದಲ್ಲಿ ಅಂಗಸಂಸ್ಥೆ ತೆರೆದು, ಅಲ್ಲಿನ ನೌಕರರಿಂದ ಅಲ್ಲಿನ ಗಿರಾಕಿಗೆ ಸೇವೆ ಕೊಟ್ಟರೆ ಆ ಮಾರಾಟ ಭಾರತದ ರಫ್ತಿನಲ್ಲಿ ಸೇರದು. ದುಬೈ, ಕತಾರ್‌ಗಳಲ್ಲಿ ನೆಲೆಸಿ ದುಡಿಯುವ ಕರಾವಳಿಯವರು ಊರಿಗೆ ಕಳಿಸುವ ಹಣವೂ ರಫ್ತಲ್ಲ. ವಿದೇಶಿ ವಿನಿಮಯ ಬರುತ್ತದೆ ನಿಜ, ಅದಕ್ಕೆ ಪಾವತಿ ಶಿಲ್ಕಿನಲ್ಲಿ (ಬ್ಯಾಲೆನ್ಸ್ ಆಫ್ ಪೇಮೆಂಟ್ಸ್) ಬೇರೆಯೇ ಸಾಲಿದೆ. ಎರಡನ್ನೂ ಕೂಡಿಸಿ ಹೇಳುವವರು ಬಹಳ ಮಂದಿ.

2024–25ರಲ್ಲಿ ಭಾರತದ ಒಟ್ಟು ರಫ್ತು ಸುಮಾರು 82,500 ಕೋಟಿ ಡಾಲರ್. ಅದರಲ್ಲಿ ಸರಕು 43,700 ಕೋಟಿ, ಹಿಂದಿನ ವರ್ಷದಷ್ಟೇ. ಸೇವೆ 34,100 ಕೋಟಿಯಿಂದ 38,800 ಕೋಟಿಗೆ ಜಿಗಿಯಿತು. ಆ ವರ್ಷ ಬೆಳವಣಿಗೆ ಎಂದು ಬಂದದ್ದೆಲ್ಲ ಸೇವೆಯದೇ. ಒಟ್ಟು ಮೊತ್ತವನ್ನಷ್ಟೇ ನೋಡಿದವರಿಗೆ ಇದು ಕಾಣುವುದಿಲ್ಲ.

ಯಾವುದರಿಂದ ಭಾಗಿಸಬೇಕು?

ತಲಾ ಲೆಕ್ಕಕ್ಕೆ ಸರಕು ರಫ್ತನ್ನು ಜನಸಂಖ್ಯೆಯಿಂದ ಭಾಗಿಸಿ. 2023ಕ್ಕೆ ಭಾರತ: 43,200 ಕೋಟಿ ಡಾಲರ್, 143 ಕೋಟಿ ಜನ, ತಲೆಗೆ ಸುಮಾರು 300 ಡಾಲರ್. ಚೀನಾ 2,400 ಡಾಲರ್. ವಿಯೆಟ್ನಾಂ: 35,400 ಕೋಟಿ ಡಾಲರ್, 10 ಕೋಟಿ ಜನ, 3,500 ಡಾಲರ್. ಜರ್ಮನಿ 20,000 ಡಾಲರ್.

ಸರಕು, ಸೇವೆ ಎರಡೂ ಸೇರಿದ ರಫ್ತು ಜಿಡಿಪಿಯ ಶೇಕಡಾ ಎಷ್ಟು ಎಂಬುದು ಇನ್ನೊಂದು ಅಳತೆ. ಭಾರತದ್ದು ಶೇ 20ಕ್ಕೆ ತುಸು ಮೇಲೆ, ಅಮೆರಿಕದ್ದು ಶೇ 11ರ ಹತ್ತಿರ. ಸಿಂಗಪುರ, ಲಕ್ಸೆಂಬರ್ಗ್, ಹಾಂಗ್‌ಕಾಂಗ್, ಐರ್ಲೆಂಡ್‌ಗಳದು ಶೇ 100ನ್ನೂ ದಾಟುತ್ತದೆ. ಲೆಕ್ಕ ತಪ್ಪಿತೆಂದು ಅಳಿಸಬೇಡಿ. ಜಿಡಿಪಿ ಎಣಿಸುವುದು ಸೇರಿಸಿದ ಮೌಲ್ಯವನ್ನು, ರಫ್ತು ಎಣಿಸುವುದು ಪೂರ್ತಿ ಬೆಲೆಯನ್ನು. ದೊಡ್ಡ ದೇಶಕ್ಕೆ ಒಳಗೇ ಮಾರುಕಟ್ಟೆ ಇರುತ್ತದೆ, ಆದ್ದರಿಂದ ಈ ಶೇಕಡಾ ಕಡಿಮೆ ಇದ್ದ ಮಾತ್ರಕ್ಕೆ ದೇಶ ದುರ್ಬಲ ಎನ್ನಲಾಗದು. ಸರಿಸುಮಾರು ಒಂದೇ ಗಾತ್ರದ ದೇಶಗಳನ್ನು ಮಾತ್ರ ಈ ಅಳತೆಯಲ್ಲಿ ಹೋಲಿಸಿ.

ಕಾಫಿಯನ್ನೇ ಹಿಡಿದು ನೋಡೋಣ

ಒಂದು ಸರಕಿನ ಮಟ್ಟಕ್ಕೆ ಇಳಿದಾಗ ಸಂಕೇತಸಂಖ್ಯೆ ಮುಖ್ಯ. ಇದನ್ನು ಎಚ್‌ಎಸ್ ಕೋಡ್ ಎನ್ನುತ್ತಾರೆ. ಮೊದಲ ಆರು ಅಂಕೆ ಜಗತ್ತಿಗೆಲ್ಲ ಒಂದೇ, ಭಾರತ ಎಂಟು ಅಂಕೆ ಬಳಸುತ್ತದೆ. ಕಾಫಿಯದು 0901. ಕೊಡಗು, ಚಿಕ್ಕಮಗಳೂರು, ಹಾಸನಗಳ ಬೀಜ ಈ ಸಾಲಿನಲ್ಲಿ ಸಿಗುತ್ತದೆ. ಇನ್‌ಸ್ಟಂಟ್ ಕಾಫಿ ಇಲ್ಲಿಲ್ಲ, ಅದು 2101ರಲ್ಲಿದೆ. 0901ನ್ನಷ್ಟೇ ತೆಗೆದವರ ಮೊತ್ತ ಕಾಫಿ ಮಂಡಳಿಯ ಮೊತ್ತಕ್ಕಿಂತ ಬಹಳ ಕಡಿಮೆ ಬರುವುದು ಇದರಿಂದ. ಎರಡೂ ಸೇರಿದ ಭಾರತದ ಕಾಫಿ ರಫ್ತು 2024–25ರಲ್ಲಿ ಡಾಲರ್ ಲೆಕ್ಕದಲ್ಲಿ ಶೇ 40ರಷ್ಟು ಏರಿ 180 ಕೋಟಿ ಡಾಲರ್ ಮುಟ್ಟಿತು. ಟನ್ ಲೆಕ್ಕದಲ್ಲಿ ನೋಡಿದರೆ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಏರಿದ್ದು ಬೆಲೆ. ಮೌಲ್ಯದ ಪಕ್ಕದಲ್ಲಿ ತೂಕದ ಅಂಕಣ ಇಡದಿದ್ದರೆ ತೋಟಗಳಲ್ಲಿ ಫಸಲು ಹೆಚ್ಚಿತೆಂದೇ ಯಾರಾದರೂ ಓದಿಕೊಳ್ಳುತ್ತಾರೆ.

ಕೋಡ್‌ಗಳೂ ಬದಲಾಗುತ್ತವೆ. ಸ್ಮಾರ್ಟ್‌ಫೋನ್‌ಗೆ 851713 ಎಂಬ ಸ್ವಂತ ಸಾಲು ಸಿಕ್ಕಿದ್ದು 2022ರ ಆವೃತ್ತಿಯಲ್ಲಿ. ಅದಕ್ಕೂ ಹಿಂದಿನ ವರ್ಷಗಳಲ್ಲಿ ಈ ಕೋಡ್ ಹುಡುಕಿದರೆ ಏನೂ ಸಿಗದು, 851712ರಲ್ಲಿ ಹುಡುಕಬೇಕು.

ಕನ್ನಡಿ ಹಿಡಿಯಿರಿ

ಕೊನೆಯ ಪರೀಕ್ಷೆ ಇದು. ‘ಅ’ ದೇಶ ‘ಆ’ ದೇಶಕ್ಕೆ ಕಳಿಸಿದೆ ಎಂದ ರಫ್ತನ್ನು, ‘ಆ’ ದೇಶ ಪಡೆದೆ ಎಂದ ಆಮದಿನ ಜೊತೆ ಇಟ್ಟು ನೋಡಿ. ಆಮದು ಶೇ 5ರಿಂದ 10ರಷ್ಟು ಹೆಚ್ಚಿದ್ದರೆ ಗಾಬರಿ ಬೇಡ. ರಫ್ತಿನಲ್ಲಿ ಬಂದರಿನವರೆಗಿನ ಬೆಲೆ ಮಾತ್ರ, ಬಹುಪಾಲು ದೇಶಗಳ ಆಮದಿನಲ್ಲಿ ಹಡಗು ಬಾಡಿಗೆ, ವಿಮೆ ಎರಡೂ ಸೇರುತ್ತವೆ. ಚೀನಾದ ಸರಕು ಹಾಂಗ್‌ಕಾಂಗ್ ಮೂಲಕ ಹೋದರೆ ವ್ಯತ್ಯಾಸ ಇನ್ನೂ ಹೆಚ್ಚು. ಆದರೆ ರಫ್ತೇ ಆಮದಿಗಿಂತ ದೊಡ್ಡದಾಗಿ, ಅದೂ ವರ್ಷಗಟ್ಟಲೆ ಬರುತ್ತಿದ್ದರೆ ಎಲ್ಲೋ ಎರಡೆರಡು ಬಾರಿ ಎಣಿಕೆ ನಡೆದಿರುವ ಶಂಕೆ ಬರಬೇಕು. 2024ರ ಜುಲೈನಲ್ಲಿ ಬಾಂಗ್ಲಾದೇಶ ತನ್ನ ರಫ್ತಿನ ಅಂಕಿಯಿಂದ 1,000 ಕೋಟಿ ಡಾಲರ್‌ಗೂ ಹೆಚ್ಚು ಕಡಿತ ಮಾಡಿದಾಗ ಹೊರಬಂದ ಕಾರಣಗಳಲ್ಲಿ ಅದೂ ಒಂದು.

ಹೀಗೆ ಹಳೆಯ ಅಂಕಿಗಳೂ ಆಮೇಲೆ ಬದಲಾಗುವುದರಿಂದ ಪ್ರತಿ ಅಂಕಣದ ಕೆಳಗೆ ಅಂಕಿ ಇಳಿಸಿಕೊಂಡ ದಿನಾಂಕ ಬರೆಯಿರಿ. ಭಾರತದ ತಿಂಗಳ ಲೆಕ್ಕದಲ್ಲಿ ಇದು ಇನ್ನೂ ಅಗತ್ಯ. ವಾಣಿಜ್ಯ ಸಚಿವಾಲಯ ತಿಂಗಳ ಮಧ್ಯಭಾಗದಲ್ಲಿ ಹಿಂದಿನ ತಿಂಗಳ ರಫ್ತು ಪ್ರಕಟಿಸುವಾಗ ಸೇವೆಯ ಅಂಕಿ ಬರೀ ಅಂದಾಜಿನದು. ರಿಸರ್ವ್ ಬ್ಯಾಂಕ್‌ನ ಅಂಕಿ ಬರುವವರೆಗೆ ಆ ಮನೆಯನ್ನು ಪೆನ್ಸಿಲ್‌ನಲ್ಲಿ ಬರೆದಂತೆ ಬೇರೆ ಬಣ್ಣದಲ್ಲಿ ಇಟ್ಟಿರಿ.